ಮೂರರ ಜೋಡಿ ಹಿಡಿದು ಯಳವಿಗೆ ಹೋದ ಮಾಮಾ

ಗೆಳೆಯರೇ, ಪೋಕರ್ ಪಂಡಿತರೊಬ್ಬರು ನಮ್ಮ ಮನೆಗೆ ಬಂದಿದ್ದಾರೆ. ಬಿಳೂರಿನ ಮಾಮಾ, ನನ್ನ ಅಕ್ಕನ ಗಂಡ. ಮೊಬೈಲಿನಲ್ಲಿ ವಿಡಿಯೊ ನೋಡಿಯೇ ಪಂಡಿತರಾದವರು.

ಯಳವಿ ಊರಿನ ಅತ್ತೆ ನೋಡಿದ ಹುಡುಗ ನನ್ನ ತಂಗಿ ಕಾವೇರಿಗೆ ಬೇಡವಂತೆ. ಅದನ್ನು ಅತ್ತೆಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅದಕ್ಕೇ ಇಂದು ಊಟವಾದ ಮೇಲೆ ಶೇಂಗಾ ಪಣಕ್ಕಿಟ್ಟು ಇಸ್ಪೀಟೆಲೆ ಹಿಡಿದು ಪೋಕರ್ ಆಡಿದೆವು. ಯಾರ ಶೇಂಗಾ ಮೊದಲು ಖಾಲಿಯಾಗುತ್ತದೋ ಅವರೇ ಯಳವಿಗೆ ಹೋಗಬೇಕು.

“ಮೊದಲ ಪಾಳಿ ನಿಮ್ಮದಿದ್ದು ಸಣ್ಣ ಜೋಡಿ ಬಂತಂದ್ರ ಆಡಬ್ಯಾಡ್ರಿ. ಹಿಂದ ಕುಂತವರ ಕೈಯಾಗ ಏನೈತಿ ಯಾರಿಗ್ಗೊತ್ತು?” ಎಂದು ಮಾಮಾ ಉಪದೇಶಿಸಿದರು. ಮರುಕ್ಷಣವೇ ಮೊದಲ ಪಾಳಿಯಲ್ಲಿ ಮೂರರ ಜೋಡಿ ಹಿಡಿದು ತಮ್ಮ ಶೇಂಗಾ ಎಲ್ಲ ಮುಂದಕ್ಕೆ ತಳ್ಳಿದರು.

ಕೊನೆಯಲ್ಲಿ ಕುಳಿತಿದ್ದ ಕಾವೇರಿ, “ನಾನೂ ಅಷ್ಟೇ ಇಡ್ತೀನ್ರಿ ಮಾಮಾ,” ಎಂದು ಒಂಬತ್ತರ ಜೋಡಿ ತೋರಿಸಿ ಗೆದ್ದಳು.

ಮಾಮಾ ಗಾಡಿ ತೆಗೆದರು. ಅತ್ತೆ ಚಹಾ ಕೊಟ್ಟು, “ಒಂದ್ ಮಾತ್ ಹೇಳೂದಿತ್ತು,” ಎಂದರಂತೆ.

“ತಡೀರಿ, ಮೊದಲ ನಾ ಹೇಳ್ತೀನಿ. ಆ ಹುಡುಗ ನಮಗ ಬ್ಯಾಡ,” ಎಂದುಬಿಟ್ಟರಂತೆ ಮಾಮಾ.

ಈಗಷ್ಟೇ ಅತ್ತೆಯ ಫೋನು ಬಂತು. “ಹುಡುಗನ ಮನಿಯವರೇ ಒಲ್ಲೆವ್ ಅಂದಾರ. ನಿಮಗ ಹೆಂಗ ಮುಖ ತೋರಸ್ಲಿ ಅಂತ ನಿನ್ನಿಯಿಂದ ಉಂಡಿಲ್ಲ ನಾ. ಅಂಥಾದ್ರಾಗ ನೀವು ಬ್ಯಾಡ ಅಂತೀರಿ? ನಾ ತಂದ ಸಂಬಂಧಕ್ಕ ಕಿಮ್ಮತ್ತಿಲ್ಲೇನು?”

ನಾಳೆ ಮನೆಮಂದಿಯೆಲ್ಲ ಯಳವಿಗೆ ಹೊರಟಿದ್ದೇವೆ. ನಮ್ಮನ್ನು ಬೇಡವೆಂದ ಹುಡುಗನನ್ನು ಬೇಡವೆಂದದ್ದಕ್ಕೆ ಕ್ಷಮೆ ಕೇಳಬೇಕಲ್ಲ!