ಒಡೆದ ವಿಭೂತಿ ಮತ್ತು ಶೇಂಗಾ ಬೀಜದ ಅಂಟು

ಕಳೆದ ವರ್ಷದ ಮುಂಗಾರಿನಲ್ಲಿ ಬಿಳಿಚೋಡಿನ ನನ್ನ ತಂಗಿಯ ಗಂಡ ನನ್ನ ಸಲಹೆಯಂತೆ ಶೇಂಗಾ ಬೀಜಕ್ಕೆ ಬೆಲ್ಲದ ನೀರು ಸವರಿ, ಅದರ ಮೇಲೆ ಜೀವಾಣು ಗೊಬ್ಬರದ ಪುಡಿ ಹಚ್ಚಿ ಬಿತ್ತಿದರು. ಆ ಪುಡಿಯಲ್ಲಿರುವ ಬ್ಯಾಕ್ಟೀರಿಯಾ ಬೀಜಕ್ಕೆ ಅಂಟಿಕೊಂಡು ಮಣ್ಣಿಗಿಳಿದರೆ ಗಿಡದ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದೆ. ಅಂಟಿಸಲು ಬೆಲ್ಲದ ನೀರು. ಸಲಹೆ ತಪ್ಪಾಗಿರಲಿಲ್ಲ; ಕೃಷಿ ಕರಪತ್ರಗಳಲ್ಲೆಲ್ಲ ಹಾಗೆಯೇ ಬರೆದಿರುತ್ತಾರೆ. ಇರುವೆಗಳ ವಿಷಯವನ್ನು ಮಾತ್ರ ಕರಪತ್ರಗಳು ಎತ್ತುವುದಿಲ್ಲ.

ನೆರಳಲ್ಲಿ ಒಣಗಲು ಹರವಿದ ಬೀಜವನ್ನು ಇರುವೆ ಮುತ್ತಿತು. ಬಿತ್ತಿದ ಮೇಲೆ ಮಣ್ಣಿನೊಳಗೂ ಬಿಡಲಿಲ್ಲ. ಸಾಲಿಗೆ ಸಾಲು ಹಲ್ಲುದುರಿದ ಬಾಯಿಯಂತಾಯಿತು. ಇದನ್ನು ಅವರು ನನಗೆ ಖಾಸಗಿಯಾಗಿ ಹೇಳಬಹುದಿತ್ತು. ಹೇಳಿದ್ದು ಜಗಳೂರಿನಲ್ಲಿ, ನೆಂಟರೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ, ಎರಡನೆಯ ಸಲ ಹೋಳಿಗೆ ಬಡಿಸುತ್ತಿದ್ದಾಗ, ನನ್ನಿಂದ ನಾಲ್ಕನೆಯ ಎಲೆಯಲ್ಲಿ ಕುಳಿತು.

"ನಮ್ಮ ಭಾವ ಈ ವರ್ಷ ನಮ್ಮೂರ ಇರುವೆಗೆಲ್ಲ ಪಾಯಸ ಹಾಕಿಸಿದ್ರು ನೋಡ್ರಪ್ಪ! ಪುಣ್ಯದ ಕೆಲಸ!"

ಹದಿನೇಳು ಜನ ನಕ್ಕರು. ಬಡಿಸುವವರನ್ನು ನಾನು ಎಣಿಸಿಲ್ಲ.

ಅಂದಿನಿಂದ ತಂಗಿಯ ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ಮೊದಲು ಎಮ್ಮೆಗೆ ಹೊಟ್ಟೆಯುಬ್ಬರವಾದರೂ ನ್ಯಾಮತಿಯ ನನ್ನ ಮನೆಗೇ ಫೋನು ಬರುತ್ತಿತ್ತು. ಈಗ ತಂಗಿ "ಆರಾಮಾ ಅಣ್ಣಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಆರೋಗ್ಯ ವಿಚಾರಿಸುವುದು ಬೇರೆ, ಅಭಿಪ್ರಾಯ ಕೇಳುವುದು ಬೇರೆ. ಈ ವಯಸ್ಸಿನಲ್ಲಿ ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಕಳೆದುಕೊಂಡವನು ಮನೆಯ ಒಂದು ಕುರ್ಚಿಗೆ ಸಮ. ಹಾಗಾಗಿ ಮುಂದಿನ ಬಿತ್ತನೆಯೊಳಗೆ ಸಿಹಿಯಿಲ್ಲದ, ಇರುವೆ ಮೂಸದ ಒಂದು ಅಂಟನ್ನು ಬಿಳಿಚೋಡಿಗೆ ಒಯ್ಯಬೇಕೆಂದು ನಿಶ್ಚಯಿಸಿದೆ.

ಅಂತಹ ಅಂಟು ಇರುವುದು ನನಗೆ ಗೊತ್ತಿತ್ತು. ಹೊನ್ನಾಳಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸಹಾಯಕನಾಗಿದ್ದವನು ನಾನು. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಹೊತ್ತಿಗೆ ಸರಿಯಾಗಿ ಕಾಯಿಸದೆ ಬಿಟ್ಟರೆ ಅದು ಲೋಳೆಯಾಗುತ್ತದೆ. ಅಂಥ ಹಾಲಿನ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಅದು ಒಂದು ಜಾತಿಯ ಬ್ಯಾಕ್ಟೀರಿಯಾದ ಕೆಲಸ. ಸಕ್ಕರೆಯೆಂಬುದು ಎರಡು ಸಣ್ಣ ಸಕ್ಕರೆಗಳ ಜೋಡಿ. ಈ ಜೀವಿ ಜೋಡಿಯನ್ನು ಮುರಿದು, ಒಂದನ್ನು ಮಣಿಗಳಂತೆ ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿ ಉದ್ದನೆಯ ಸರ ಮಾಡುತ್ತದೆ. ಇನ್ನೊಂದನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಆ ಸರಕ್ಕೆ ಡೆಕ್ಸ್ಟ್ರಾನ್ ಎಂದು ಹೆಸರು. ಅದು ಸಿಹಿಯಲ್ಲ, ಆದರೆ ಅಂಟು. ಬಿಟ್ಟುಹೋದ ಸಿಹಿಯನ್ನು ತೊಳೆದು ತೆಗೆದರೆ ಇರುವೆಗೆ ಅಲ್ಲಿ ಕೆಲಸವಿಲ್ಲ.

ಶಿವರಾತ್ರಿ ಕಳೆದ ಮೇಲೆ ಹೊನ್ನಾಳಿಯ ಕಡೆಯ ಒಂದು ಆಲೆಮನೆಗೆ ಹೋಗಿ, ಹಾಲು ಹಿಡಿಯುವ ತೊಟ್ಟಿಯ ಮೂಲೆಯ ಲೋಳೆ ಬೇಕೆಂದೆ. ಆಲೆಮನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೇಷ್ಟ್ರೇ, ಎಲ್ಲಾರೂ ಬೆಲ್ಲ ಕೇಳಾಕೆ ಬರ್ತಾರೆ. ನೀವು ಕೊಳಕು ಕೇಳಾಕೆ ಬಂದೀರಿ. ಯಾರಿಗಾದ್ರೂ ತಿನ್ನಾಕೆ ಕೊಡಾಕೇನು?"

"ಬಿತ್ತನೆ ಬೀಜಕ್ಕೆ."

"ಹಂಗಾರೆ ತಗಳ್ರಿ. ಆದ್ರೆ ನಮ್ಮ ಆಲೆಮನ್ಯಾಗ ಸಿಕ್ತು ಅಂತ ಎಲ್ಲೂ ಹೇಳಬ್ಯಾಡ್ರಿ."

ಅವರು ನನ್ನನ್ನು ಮೇಷ್ಟ್ರೇ ಎಂದದ್ದನ್ನು ನಾನು ತಿದ್ದಲಿಲ್ಲ. ಅವರು ಕೇಳಿಕೊಂಡಂತೆ ಆಲೆಮನೆ ಯಾವುದೆಂದು ಇಲ್ಲಿಯೂ ಹೇಳಿಲ್ಲ.

ಮನೆಯಲ್ಲಿ ಕೆಲಸಕ್ಕೆ ಎರಡು ಸ್ಟೀಲ್ ಪಾತ್ರೆಗಳನ್ನು ಮೀಸಲಿಟ್ಟೆ. ಹೆಂಡತಿಗೆ ನಿಯಮಗಳನ್ನು ತಿಳಿಸಿದೆ: ಮುಸುರೆ ಕೈಯಲ್ಲಿ ಪಾತ್ರೆ ಮುಟ್ಟಬಾರದು, ಸೌಟು ಕುದಿಸದೆ ಒಳಗೆ ಇಳಿಸಬಾರದು, ಕಸ ಗುಡಿಸುವಾಗ ಮುಚ್ಚಳ ತೆಗೆದಿರಬಾರದು, ಅದರ ಮುಂದೆ ನಿಂತು ಮಾತಾಡಬಾರದು. ಅವಳು ಎಲ್ಲವನ್ನೂ ಕೇಳಿಕೊಂಡು, "ಆತು ಬಿಡ್ರಿ" ಎಂದಳು. ನಲವತ್ತು ವರ್ಷಗಳ ಸಂಸಾರದಲ್ಲಿ ನನ್ನ ಯಾವ ನಿಯಮವನ್ನೂ ಅವಳು ಅಷ್ಟು ಬೇಗ ಒಪ್ಪಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಕ್ಕರೆ ನೀರನ್ನು ಕುದಿಸಿ ಆರಿಸಿ, ನೆನೆಹಾಕಿದ ಹೆಸರುಕಾಳಿನ ಕುದಿಸಿದ ರಸ ಬೆರೆಸಿ, ಲೋಳೆಯ ಒಂದು ಚಮಚ ಹಾಕಿದೆ. ಮೊದಲ ಮೂರು ಸಲ ಬಂದದ್ದು ಹುಳಿ ನೀರು. ಬ್ಯಾಕ್ಟೀರಿಯಾ ಬೆಳೆದಿತ್ತು, ಬೆಳೆದು ಹುಳಿ ಬಿಟ್ಟಿತ್ತು, ತಾನು ಬಿಟ್ಟ ಹುಳಿಯಲ್ಲೇ ಸೋತು ಕೈಕಟ್ಟಿ ಕುಳಿತಿತ್ತು. ನಾಲ್ಕನೆಯ ಸಲ ಮುಚ್ಚಳ ತೆಗೆದರೆ ಪಾತ್ರೆಯ ತುಂಬ ಬೆಂಡೆಕಾಯಿಯ ಲೋಳೆಯಂಥ ದ್ರವ. ಸೌಟು ಎತ್ತಿದರೆ ಅದೂ ಮೊಳದುದ್ದ ಎದ್ದು ಬಂತು.

ಈಗ ಉಳಿದ ಸಿಹಿಯನ್ನು ತೆಗೆಯಬೇಕಿತ್ತು. ಅದಕ್ಕೆ ಸ್ಪಿರಿಟ್ ಬೇಕು. ಸ್ಪಿರಿಟ್ ಸುರಿದರೆ ಅಂಟು ಮಾತ್ರ ಗಟ್ಟಿಯಾಗಿ ಬೇರೆ ಬರುತ್ತದೆ, ಸಿಹಿ ನೀರಲ್ಲೇ ಉಳಿಯುತ್ತದೆ. ಚನ್ನಗಿರಿಯಲ್ಲಿ ಕಲ್ಯಾಣ ಮಂಟಪವೊಂದನ್ನು ನೋಡಿಕೊಳ್ಳುವ ನನ್ನ ಹೆಂಡತಿಯ ತಮ್ಮನ ಉಗ್ರಾಣದಲ್ಲಿ ಕೊರೊನಾ ಕಾಲದ ಸ್ಯಾನಿಟೈಸರ್ ಕ್ಯಾನುಗಳು ಸೀಲು ಒಡೆಯದೆ ಬಿದ್ದಿದ್ದವು. ಬಸ್ಸಿನಲ್ಲಿ ಹೋಗಿ ಮೂರು ಕ್ಯಾನು ಕೇಳಿದೆ.

"ಭಾವ, ಕೊರೊನಾ ಮತ್ತೆ ಬರ್ತೈತೇನು? ನಿಮಗೆ ಮೊದಲೇ ಗೊತ್ತಾತಾ?"

"ಶೇಂಗಾಕ್ಕೆ ಬೇಕು."

"ಶೇಂಗಾ ಕೈ ತೊಳ್ಕಂಡು ಹುಟ್ಟಬೇಕಾ ಈಗ?"

ಇದನ್ನೂ ನೆನಪಿಟ್ಟಿದ್ದೇನೆ. ಆದರೆ ಕ್ಯಾನುಗಳನ್ನು ಬಸ್‌ಸ್ಟ್ಯಾಂಡಿನವರೆಗೆ ಅವನೇ ಹೊತ್ತು ತಂದದ್ದರಿಂದ ಆ ಮಾತೂ ಈ ಉಪಕಾರವೂ ಒಂದಕ್ಕೊಂದು ವಜಾ.

ಒಂದು ಪಾತ್ರೆ ಲೋಳೆಗೆ ಒಂದೂವರೆ ಪಾತ್ರೆ ಸ್ಯಾನಿಟೈಸರ್ ಸುರಿದೆ. ಬಿಳಿಯ ಮುದ್ದೆ ತೇಲಿಬಂತು. ಬಟ್ಟೆಯಲ್ಲಿ ಸೋಸಿ, ಹಿಂಡಿ, ತಟ್ಟೆಯಲ್ಲಿ ಒಣಗಿಸಿ ಕುಟ್ಟಿದೆ. ಅಂಟಿಗೆ ಸ್ವಲ್ಪ ನಿಂಬೆಯ ಸೆಂಟಿನ ವಾಸನೆ ಇತ್ತು. ಸೋಸುವಾಗ ಬಟ್ಟೆಯಲ್ಲಿ ಮರಳಿನಂಥ ಬಿಳಿ ಚೂರುಗಳು ಸಿಕ್ಕಿದವು. ಅವು ನಾನು ಹಾಕಿದ ವಸ್ತುವಲ್ಲ. ಕಾಗದದಲ್ಲಿ ಕಟ್ಟಿ, ಮೇಲೆ "ನಾಲ್ಕನೆಯದು, ತಳ" ಎಂದು ಬರೆದಿಟ್ಟೆ.

ಸಿಕ್ಕ ಅಂಟು ಹೊಲದ ಅರ್ಧ ಬೀಜಕ್ಕೂ ಸಾಲುತ್ತಿರಲಿಲ್ಲ. ಐದನೆಯ ಸಲ ಅದೇ ಅಳತೆ, ಅದೇ ಪಾತ್ರೆ, ಅದೇ ಲೋಳೆ. ಬಂದದ್ದು ಹುಳಿ ನೀರು. ಆ ವಾರವೇ ಜಗಳೂರು ಸೀಮೆಯಲ್ಲಿ ಮೊದಲ ಹದ ಮಳೆಯಾಯಿತೆಂದು ತಂಗಿ ಹೇಳಿದಳು. ನೋಟ್‌ಬುಕ್ಕಿನಲ್ಲಿ ನಾಲ್ಕಕ್ಕೂ ಐದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಉಳಿದದ್ದು ಆ ಪೊಟ್ಟಣ. ಬಿಚ್ಚಿ ಹೆಂಡತಿಯ ಮುಂದಿಟ್ಟು, ಇದೇನು ಎಂದೆ.

"ಇದಾ? ವಿಭೂತಿ."

"ಪಾತ್ರೆಯೊಳಗೆ ಹೇಗೆ ಬಂತು?"

"ನಾನೇ ಹಾಕಿದ್ದು. ಸೋಮವಾರ ದೇವರ ಜಗಲಿ ಒರೆಸುವಾಗ ಗಟ್ಟಿ ಕೈಜಾರಿ ಬಿದ್ದು ಮೂರು ಚೂರಾತು. ಒಡೆದ ವಿಭೂತೀನ ಕಾಲು ತುಳಿಯೋ ಕಡೆ ಹಾಕಾಕೆ ಬರ್ತೈತೇನ್ರೀ? ಪತ್ರೆ ಮರದ ಬುಡಕ್ಕೆ ಹಾಕಾಣ ಅಂದ್ರೆ ಗುಡಿಗಂಟ ಹೋಗಾಕೆ ಮೊಣಕಾಲು ನೋವು."

"ಅದಕ್ಕೆ ನನ್ನ ಪಾತ್ರೆಗೆ ಹಾಕುವುದೇ?"

"ನೀವೇ ಹೇಳಿದ್ರಲ್ಲ, ಮುಸುರೆ ಕೈ ಬ್ಯಾಡ, ಮುಂದೆ ನಿಂತು ಮಾತಾಡಬ್ಯಾಡ ಅಂತ. ದೇವರ ಜಗಲಿಗೂ ಅಷ್ಟು ನೇಮ ಇಲ್ಲ ನಮ್ಮನ್ಯಾಗೆ. ಇದಕ್ಕಿಂತ ಶುದ್ಧವಾದ ಜಾಗ ಇನ್ನೆಲ್ಲೈತೆ ಹೇಳ್ರಿ. ಕೈ ತೊಳ್ಕಂಡೇ ಹಾಕೀನಿ."

ಒಂದು ಚೂರಿನ ಮೇಲೆ ನಿಂಬೆರಸ ಬಿಟ್ಟೆ. ಬುಸಬುಸನೆ ನೊರೆ ಬಂತು.

"ದೇವರ ವಿಭೂತಿ ಮ್ಯಾಲೆ ನಿಂಬೆಹಣ್ಣು ಹಿಂಡ್ತೀರಾ? ಚಿತ್ರಾನ್ನ ಮಾಡ್ತೀರೇನು?"

ನೊರೆಯ ಅರ್ಥ ಸ್ಪಷ್ಟವಾಗಿತ್ತು. ಸಗಣಿಯ ಬೂದಿಯೆಂದು ಮಾರಿದ ಆ ಗಟ್ಟಿಯಲ್ಲಿ ಬಹುಪಾಲು ಸುಣ್ಣದ ಕಲ್ಲಿನ ಪುಡಿ. ಅದು ಹುಳಿಯನ್ನು ಮುರಿದಿತ್ತು, ಹುಳಿ ಮುರಿದದ್ದರಿಂದ ಬ್ಯಾಕ್ಟೀರಿಯಾ ಪೋಣಿಸುವುದನ್ನು ನಿಲ್ಲಿಸಿರಲಿಲ್ಲ. ಮಾರಿದವರ ಮೇಲೆ ನನ್ನದೊಂದು ದೂರು ಇದ್ದೇ ಇದೆ, ಅದು ನನಗೆ ಉಪಕಾರವಾಗಿದ್ದರೂ.

ಆರನೆಯ ಪಾತ್ರೆಗೆ ಇನ್ನೊಂದು ಗಟ್ಟಿ ಕೇಳಿದೆ. ಅವಳು ಕೊಡಲಿಲ್ಲ.

"ಒಡೆದದ್ದನ್ನ ಹಾಕಬಹುದು ರೀ. ಒಡೆದು ಹಾಕಬಾರದು."

ಅದು ಒಡೆಯುವವರೆಗೆ ಕಾಯಲು ಮಳೆ ಬಿಡುತ್ತಿರಲಿಲ್ಲ. ಕೊನೆಗೆ ಅವಳ ಎಲೆಯಡಿಕೆ ತಟ್ಟೆಯಲ್ಲಿ ಒಣಗಿ ಕಲ್ಲಾಗಿದ್ದ ಸುಣ್ಣ ಸಿಕ್ಕಿತು. ಹಸಿ ಸುಣ್ಣ ಬ್ಯಾಕ್ಟೀರಿಯಾವನ್ನು ಸುಟ್ಟೀತು. ಗಾಳಿಗೆ ಬಿದ್ದು ಹಳತಾದದ್ದು ಹಾಗಲ್ಲ, ಅದು ಮತ್ತೆ ಸುಣ್ಣದ ಕಲ್ಲೇ. ಕುಟ್ಟಿ, ಜರಡಿ ಹಿಡಿದು ಹಾಕಿದೆ. ಆರನೆಯ ಪಾತ್ರೆ ನಾಲ್ಕನೆಯದಕ್ಕಿಂತ ದಪ್ಪವಾಗಿ ಬಂತು; ಅದಕ್ಕೂ ಸ್ಯಾನಿಟೈಸರ್ ಸುರಿದು, ಒಣಗಿಸಿ ಕುಟ್ಟಿದೆ.

ಅಂಟಿನ ಡಬ್ಬಿ ಹಿಡಿದು, ಹೆಂಡತಿಯನ್ನು ಕರೆದುಕೊಂಡು, ಎರಡು ಬಸ್ಸು ಬದಲಿಸಿ ಬಿಳಿಚೋಡು ತಲುಪಿದೆ. ತಂಗಿಯ ಗಂಡ ಬೀಜ ಸುಲಿಸಿ ಇಟ್ಟಿದ್ದರು. ಡಬ್ಬಿಯನ್ನು ಮೂಸಿ ನೋಡಿದರು.

"ನಿಂಬೆಹಣ್ಣಿನ ವಾಸನೆ ಐತಲ್ಲ ಭಾವ. ಹೋದ ಸಲ ಪಾಯಸ, ಈ ಸಲ ಪಾನಕನಾ?"

"ಅರ್ಧ ಬೀಜಕ್ಕೆ ಮಾತ್ರ ಹಚ್ಚೋಣ. ಅರ್ಧ ನಿಮ್ಮಿಷ್ಟದಂತೆ ಬಿತ್ತಿ" ಎಂದೆ.

"ಹಚ್ಚೋದಾದ್ರೆ ಪೂರ್ತಿ ಹಚ್ಚಾಣ ಬಿಡ್ರಿ. ಅರ್ಧ ಹಾಳಾದ್ರೆ ಒಂದು ವರ್ಷ ನಗಬೇಕು, ಪೂರ್ತಿ ಹಾಳಾದ್ರೆ ಎರಡು ವರ್ಷ."

ಹೀಗೆ ಇಡೀ ಹೊಲದ ಬೀಜ ನನ್ನ ತಲೆಯ ಮೇಲೆ ಬಂತು. ಅಂಟನ್ನು ನೀರಿನಲ್ಲಿ ಕದಡಿ, ಬೀಜದ ಕೆಂಪು ಸಿಪ್ಪೆ ಸುಲಿಯದಷ್ಟು ಮಾತ್ರ ಚಿಮುಕಿಸಿ, ಪುಡಿ ಉದುರಿಸಿ ಅಂಗೈಯಲ್ಲಿ ಹೊರಳಿಸಿದೆವು. ಪುಡಿ ಬೀಜ ಬಿಟ್ಟು ಕದಲಲಿಲ್ಲ. ಸೋಗೆಯ ಚಪ್ಪರದ ಕೆಳಗೆ ಗೋಣಿತಾಟಿನ ಮೇಲೆ ಹರವಿ, ನಾಲ್ವರೂ ಸುತ್ತ ಕುಳಿತೆವು. ಯಾರನ್ನು ಕಾಯುತ್ತಿದ್ದೇವೆಂದು ಯಾರೂ ಹೇಳಲಿಲ್ಲ.

ಇರುವೆಗಳು ಬಂದವು. ಮೊದಲು ಒಂದು, ಬಳಿಕ ಏಳೆಂಟು. ತಾಟಿನ ಅಂಚು ಹತ್ತಿ, ಬೀಜದ ಮೇಲೆ ಮೀಸೆಯಾಡಿಸಿ, ಸ್ವಲ್ಪ ಸುತ್ತಾಡಿ, ಇಳಿದು ಬಾಗಿಲ ಕಡೆಗೆ ಹೋದವು. ತಂಗಿಯ ಗಂಡ ಕೊನೆಯ ಇರುವೆ ಹೋಗುವವರೆಗೂ ಬಗ್ಗಿ ನೋಡಿದರು.

"ಏನು ಹಾಕೀರಿ ಇದಕ್ಕೆ?"

ಒಂದು ವರ್ಷದ ನಂತರ ಆ ಮನೆಯಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಅದು. ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಕಾಲೇಜಿನಲ್ಲಿ ಶಿಲೀಂಧ್ರದ ತಟ್ಟೆಗಳು ಏಕೆ ಹಾಳಾಗುತ್ತಿದ್ದವೆಂಬುದನ್ನು ಕಂಡುಹಿಡಿದವನು ನಾನು. ತಪಾಸಣೆಗೆ ಬಂದವರ ಮುಂದೆ ಅದನ್ನು ತಮ್ಮದೆಂದು ವಿವರಿಸಿದವರು ಅಧ್ಯಾಪಕರು. ನಾನು ಅವರ ಹಿಂದೆ ಟ್ರೇ ಹಿಡಿದು ನಿಂತಿದ್ದೆ. ಅದೇ ಕೆಲಸವನ್ನು ನಾನು ನನ್ನ ಹೆಂಡತಿಗೆ ಮಾಡುವಂತಿರಲಿಲ್ಲ, ಅವಳು ಎದುರಿಗೇ ಕುಳಿತಿದ್ದಳು ಎಂಬುದನ್ನು ಬಿಟ್ಟರೂ.

"ಮೂರು ಸಲ ನನ್ನಿಂದ ಆಗಲಿಲ್ಲ. ನಾಲ್ಕನೆಯ ಸಲ ಇವಳು ವಿಭೂತಿ ಹಾಕಿದ್ದರಿಂದ ಆಯಿತು" ಎಂದೆ. ಸುಣ್ಣ, ಹುಳಿ, ಪೋಣಿಸುವುದು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ವಿಭೂತಿಯ ನಂತರದ ಭಾಗವನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ತಂಗಿ ಎದ್ದು ಹೋಗಿ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು.

ಬಿತ್ತಿದ ಹನ್ನೊಂದನೆಯ ದಿನ ನ್ಯಾಮತಿಗೆ ಫೋನು ಬಂತು. ತಂಗಿಯ ಗಂಡ.

"ಭಾವ, ಹೊಲದಾಗೆ ನಿಂತೀನಿ. ಸಾಲು ಎಲ್ಲೂ ಹರಿದಿಲ್ಲ. ಪೂರ್ತಿ ಹುಟ್ಟೈತೆ."

"ಸರಿ" ಎಂದೆ.

ಕೆಮ್ಮಿದರು.

"ಅಲ್ಲ, ಇದು... ಮೆಕ್ಕೆಜೋಳಕ್ಕೂ ಹಚ್ಚಾಕೆ ಬರ್ತೈತಾ? ನೀವು ಏನಂತೀರಿ?"

ಬರುತ್ತದೆ, ಪುಡಿ ಮಾತ್ರ ಬೇರೆಯದು ಬೇಕು. ಅದು ನನಗೆ ಆ ಕ್ಷಣವೇ ಗೊತ್ತಿತ್ತು. ನೋಡಿ ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ. ಅವರು "ಆಗ್ಲಿ ಭಾವ, ಕಾಯ್ತೀನಿ" ಎಂದರು.