ಹೊಗೆಗೆ ಬಿಟ್ಟ ಸಂದು

ಮೇಸ್ತ್ರಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣ ತಿಂದು ನುಣ್ಣಗಾಗಿದ್ದವು. ಬಂಟ್ವಾಳದ ನಮ್ಮ ಹಂಚಿನ ಮನೆ ಕಟ್ಟಿದವರು ಅವರು. ಬಂದ ಕೂಡಲೇ ಗೋಡೆಗೆ ಅಂಗೈ ಒತ್ತುವರು, ಜ್ವರ ನೋಡುವ ಹಾಗೆ.

ಆ ಬೆಳಿಗ್ಗೆ, ಒಡೆದ ಹಂಚು ಬದಲಿಸಲು ಅವರು ಬಂದಾಗ, ನಾನು ಎಂದಿನಂತೆ ಒಲೆ ಊದಿ ಗಂಜಿಗಿಟ್ಟು, ಮೂರು ವರ್ಷದ ಮಗಳನ್ನು ಸೊಂಟದಲ್ಲಿಟ್ಟುಕೊಂಡೇ ಹಾಲು ಕಾಯಿಸುತ್ತಿದ್ದೆ. ಅವಳ ಎದೆಯಲ್ಲಿ ಸೀಟಿಯಂಥ ಸದ್ದು. ಹೊಸ ಮನೆಗೆ ಬಂದ ಮೇಲೆ ಹತ್ತಿದ ಉಬ್ಬಸ. ಡಾಕ್ಟರು ಬಾಳೆಹಣ್ಣು ಬೇಡವೆಂದರು, ನಿಲ್ಲಿಸಿದೆ. ಅತ್ತೆ ಸಿಮೆಂಟು ನೆಲದ ಥಂಡಿ ಎಂದರು, ಚಾಪೆ ಹಾಸಿದೆ. ಮಡಂತ್ಯಾರಿನ ಅಕ್ಕ ಸುಣ್ಣದ ವಾಸನೆ ಎಂದಳು. ಗೋಡೆಯನ್ನು ಏನು ಮಾಡುವುದು? ಹಿಂದಿನ ಹುಲ್ಲಿನ ಮನೆಯಲ್ಲಿ ಗುಂಡುಗುಂಡಗಿದ್ದ ಮಗು ಇಷ್ಟು ಚೊಕ್ಕ ಮನೆಯಲ್ಲಿ ಯಾಕೆ ಸೊರಗಬೇಕು? ರಾತ್ರಿ ಹಗಲು ಅದೇ ಯೋಚನೆ.

ಮೇಸ್ತ್ರಿ ಅಡುಗೆಮನೆಯ ಮೇಲಕ್ಕೇ ನೋಡುತ್ತ ನಿಂತರು.

"ಗೋಡೆಯ ತಲೆಯಲ್ಲಿ ನಾನು ಬಿಟ್ಟ ಸಂದು ಎಲ್ಲಿ ಅಮ್ಮ?"

"ಬೆಕ್ಕು ಬಂದು ಮಗುವಿನ ಹಾಲು ಕುಡೀತಿತ್ತು ಮೇಸ್ತ್ರಿ. ಕಲ್ಲಿಟ್ಟು ಮುಚ್ಚಿಸಿದೆ." ಮಸಿ ಬೀಳುತ್ತದೆಂದು ಹಂಚಿನಡಿ ಹಲಗೆ ಹೊಡೆಸಿದ್ದೂ ನಾನೇ. ಕಾನ್ವೆಂಟಿನಲ್ಲಿ ಕಲಿತ ಚೊಕ್ಕತನ ನನ್ನದು.

"ಬೆಕ್ಕಿಗೆ ಬಾಗಿಲು ಹಾಕಿದಿರಿ. ಹೊಗೆ ಎಲ್ಲಿಂದ ಹೋಗುವುದು? ಹುಲ್ಲಿನ ಮಾಡಾದರೆ ತಾನೇ ಹೊರಗೆ ಬಿಡ್ತದೆ. ಹಲಗೆ ಬಿಡ್ತದಾ?" ಹೇಳುತ್ತಲೇ ಕೆಮ್ಮಿದರು.

"ಮೊದಲು ನಿಮ್ಮ ಕೆಮ್ಮು ನೋಡಿಕೊಳ್ಳಿ" ಎಂದೆ, ಸ್ವಲ್ಪ ಮುನಿಸಿನಿಂದಲೇ.

ಅವರು ನಕ್ಕರು. "ನನ್ನ ಎದೆಯಲ್ಲಿ ಒಂದು ಮನೆ ಕಟ್ಟುವಷ್ಟು ಸುಣ್ಣ ಉಂಟು. ಮಗುವಿನದ್ದು ಇನ್ನೂ ಖಾಲಿ ಜಾಗ. ಅಂಗಳಕ್ಕೆ ಕರ್ಕೊಂಡು ಹೋಗಿ."

ಹೇಳಿ ಕಳಿಸಿದ್ದು ಒಂದು ಹಂಚಿಗೆ. ಅವರು ಕಲ್ಲುಗಳನ್ನೆಲ್ಲ ಕಿತ್ತು, ಸಂದಿಗೆ ಬಿದಿರಿನ ಸೀಳು ಕಟ್ಟಿ ಇಳಿದರು. "ಬೆಕ್ಕಿಗೆ ಇಲ್ಲ, ಹೊಗೆಗೆ ಉಂಟು."

ಮಳೆಗಾಲ ಕಳೆಯುವಾಗ ಮಗಳ ಉಬ್ಬಸ ನಿಂತಿತ್ತು. ಸಂದಿನಿಂದಲೋ, ಬಾಳೆಹಣ್ಣು ಬಿಟ್ಟದ್ದರಿಂದಲೋ, ಸುಮ್ಮನೆ ಬೆಳೆದದ್ದರಿಂದಲೋ, ನನಗೆ ಈಗಲೂ ಸರಿಯಾಗಿ ತಿಳಿಯದು. ಕೇಳುವ ಎಂದರೆ ಮೇಸ್ತ್ರಿ ಮುಂದಿನ ವರ್ಷ ಅದೇ ಕೆಮ್ಮಿನಲ್ಲಿ ತೀರಿಕೊಂಡರು. ಅವರ ಕೆಮ್ಮಿನ ಬಗ್ಗೆ ನಾನಾಡಿದ ಮಾತು ಮಾತ್ರ ನನ್ನ ಎದೆಯಲ್ಲಿ ಉಳಿದಿದೆ.

ಅವರು ಕಲ್ಲು ಕಿತ್ತ ದಿನ ಸಂಜೆ ಒಲೆ ಹಚ್ಚಿ, ಮಗುವನ್ನೆತ್ತಿಕೊಂಡು ಹೊರಗೆ ಬಂದಿದ್ದೆ. ಬೇಲಿಯಾಚೆ ನೆರೆಮನೆಯಾಕೆ ಬಟ್ಟೆ ತೆಗೆಯುತ್ತ ನಮ್ಮ ಮಾಡಿನ ಕಡೆ ನೋಡಿ ನಕ್ಕಳು.

"ಇವತ್ತು ನಿಮ್ಮಲ್ಲಿ ಹೊಗೆ ಕಾಣ್ತದಲ್ಲ ಅಕ್ಕ! ಹೊಸ ಮನೆಗೆ ಬಂದ ಮೇಲೆ ನೀವು ಒಲೆಯೇ ಹಚ್ಚುವುದಿಲ್ಲ ಅಂತ ನಾವು ತಮಾಷೆ ಮಾಡ್ತಿದ್ದೆವು."