ಬಣ್ಣದ ಮಾಮ ಬರೆದ ಗುಂಡಿ

“ಅಮ್ಮಾ, ಬಣ್ಣದ ಮಾಮ ಏರ್‌ಪೋರ್ಟಲ್ಲಿ ನೆಲದ ಮೇಲೆ ಯಾಕೆ ಮಲಗಿಬಿಟ್ರು?”

ತಿಂಡಿ ತಟ್ಟೆ ಮುಂದಿಟ್ಟುಕೊಂಡು ಚಿನ್ನಿ ಕೇಳಿದಳು. ಅವಳಮ್ಮ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಬಣ್ಣದ ಮಾಮ ಎದುರು ಮನೆಯವರು. ಅಂಗಡಿಗಳಿಗೆ ಬೋರ್ಡು ಬರೆದೇ ತಲೆ ನರೆಸಿಕೊಂಡವರು. ಫ್ಲೆಕ್ಸ್ ಬಂದ ಮೇಲೆ ಅವರ ಬ್ರಶ್‌ಗಳು ಮೂಲೆ ಸೇರಿದ್ದವು. ಈಚೆಗೆ ವಿಮಾನ ನಿಲ್ದಾಣದವರು ಹೇಳಿಕಳಿಸಿದರು: ಕಾಯುವವರಿಗೆ ಬೇಸರವಾಗಬಾರದು, ಮುಂದಿನ ಹಜಾರದ ನೆಲವನ್ನು ಹಳೇ ಕಾಲದ ವಿಡಿಯೋ ಗೇಮ್ ಥರ ಮಾಡಿಕೊಡಿ. ಖುಷಿಗೆ ಮಾಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಡುಗನಾಗಿದ್ದಾಗ ಸ್ಕೂಲು ತಪ್ಪಿಸಿ ಅಂಥ ಆಟದ ಮುಂದೆ ನಿಂತು, ಅಕ್ಕನ ಕೈಲಿ ಕಿವಿ ಹಿಂಡಿಸಿಕೊಂಡವರು ಅವರು. ತಾಯಿಯಿಲ್ಲದ ಅವರನ್ನು ಸಾಕಿದ್ದೂ ಆ ಅಕ್ಕನೇ.

ಚೌಕ ಚೌಕದ ಇಟ್ಟಿಗೆ, ಹಳದಿ ನಾಣ್ಯ, ಏಣಿ ಎಲ್ಲ ಬರೆದಾಯಿತು. ಕೊನೆಗೆ ಒಳಹೋಗುವ ದಾರಿಗೆ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದು ಗುಂಡಿ ಬರೆದರು. ಆಟದಲ್ಲಿ ಹಾರಿ ದಾಟುತ್ತಾರಲ್ಲ, ಅಂಥದ್ದು. ಅಂಚಿಗೆ ನೆರಳು ಕೊಟ್ಟು, ಇಳಿಯುತ್ತ ಇಳಿಯುತ್ತ ಕಪ್ಪು ತುಂಬಿದರು. “ನನ್ನ ಜನ್ಮದಲ್ಲೇ ಇಂಥದ್ದು ಬರೆದಿರಲಿಲ್ಲ ಕಣಮ್ಮ,” ಎಂದು ಬಂದವರಿಗೆಲ್ಲ ಫೋಟೋ ತೋರಿಸಿದ್ದೇ ತೋರಿಸಿದ್ದು.

ಇವತ್ತು ಅದೇ ಅಕ್ಕ ಮೊದಲ ಸಲ ವಿಮಾನ ಹತ್ತಬೇಕಿತ್ತು. ದೂರದೂರಿನಲ್ಲಿದ್ದ ಮಗಳಿಗೆ ಹೆರಿಗೆಯ ದಿನ ತುಂಬಿತ್ತು. ಕಾರು ಓಡಿಸಿದ್ದು ಚಿನ್ನಿಯ ಅಮ್ಮ; ಬೀಳ್ಕೊಡಲು ಮಾಮ, ಚಿನ್ನಿ ಇಬ್ಬರೂ ಜೊತೆಗಿದ್ದರು.

ಚಿನ್ನಿ ಒಂದೇ ನೆಗೆತಕ್ಕೆ ಗುಂಡಿ ದಾಟಿದಳು. ಕಣ್ಣಿಗೆ ಪೊರೆ ಬಂದಿದ್ದ ಅಕ್ಕ ಅಂಚಿನಲ್ಲೇ ನಿಂತುಬಿಟ್ಟರು.

“ಇಲ್ಲಿ ಅಗೆದು ಹಾಕಿದ್ದಾರಲ್ಲೋ.”

“ಅದು ಬಣ್ಣ ಅಕ್ಕ. ನಾನೇ ಬರೆದದ್ದು.”

“ಸುಮ್ನಿರು. ನಿನ್ನ ಸುಳ್ಳು ಕೇಳಿ ಕೇಳಿ ನಂಗೆ ಸಾಕಾಗಿದೆ. ಬಣ್ಣ ಎಲ್ಲಾದ್ರೂ ಇಷ್ಟು ಆಳ ಇರತ್ತಾ?”

ಚಿನ್ನಿಯ ಅಮ್ಮ ಕೈ ಹಿಡಿದು ಎಳೆದಳು. ಅಕ್ಕ ಜಗ್ಗಲಿಲ್ಲ. ಅಷ್ಟರಲ್ಲಿ ಅವರ ವಿಮಾನಕ್ಕೆ ಕೊನೆಯ ಕರೆ ಬಂತು, ಅದೂ ಆಟದ ಟಿಣ್ ಟಿಣ್ ಸದ್ದಿನೊಂದಿಗೆ. ಮಾಮನಿಗೆ ತಾಳ್ಮೆ ತಪ್ಪಿತು. “ನೋಡಿಲ್ಲಿ, ಬೀಳ್ತೀನಾ ನೋಡು,” ಎಂದವರೇ ಆ ಕಪ್ಪಿನ ಮೇಲೆ ಅಂಗಾತ ಮಲಗಿಬಿಟ್ಟರು.

ಅಕ್ಕನ ಕಣ್ಣಿಗೆ ಕಂಡದ್ದೇ ಬೇರೆ. ಸಾಕಿದ ತಮ್ಮ ಗುಂಡಿಗೆ ಬಿದ್ದಿದ್ದ.

ಅವರು ಕಿರುಚಿದ ರೀತಿಗೆ ಇಡೀ ಹಜಾರ ಗರಬಡಿದಂತೆ ನಿಂತಿತು. ಮಂಡಿನೋವಿನ ಆ ಹೆಂಗಸು ಬ್ಯಾಗು ಬಿಸಾಕಿ, ಧಡಕ್ಕನೆ ಮಂಡಿಯೂರಿ, ತಮ್ಮನನ್ನು ಮೇಲೆತ್ತಲು ಕಪ್ಪಿನೊಳಕ್ಕೆ ಕೈ ಚಾಚಿದರು. ಬೆರಳುಗಳು ನೆಲಕ್ಕೆ ಬಡಿದವು. ನಂಬಿಕೆ ಬರದೆ ನೆಲವನ್ನೇ ಸವರಿದರು. ಆಮೇಲೆ ತಮ್ಮನ ಕೆನ್ನೆಗೆ ಒಂದು ಬಿಟ್ಟರು.

“ಜೀವ ಬಾಯಿಗೆ ಬಂತಲ್ಲೋ, ಹಾಳಾದವನೆ.”

ಎದ್ದು ಬ್ಯಾಗು ಎತ್ತಿಕೊಂಡು, ಗುಂಡಿಯ ಮೇಲೇ ನಡೆದು ಒಳಗೆ ಹೋದರು. ತಿರುಗಿ ನೋಡಲಿಲ್ಲ.

ನಿಲ್ದಾಣದ ಮ್ಯಾನೇಜರು ಓಡಿಬಂದು, “ಏನ್ ಕೈ ರೀ ನಿಮ್ದು. ಆ ಕಡೆ ಬಾಗಿಲಿಗೂ ಇಂಥದ್ದೊಂದು ಬೇಕು,” ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಮಾಮ ಕಾರಿನಲ್ಲಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

ಚಿನ್ನಿಯ ಪ್ರಶ್ನೆ ಹಾಗೇ ಉಳಿದಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ಮಾಮ. ಕೈಯಲ್ಲಿ ನಿಲ್ದಾಣದ ನೆಲದ್ದೇ ಬೂದು ಬಣ್ಣದ ಡಬ್ಬಿ.

“ಅಕ್ಕ ತಲುಪಿದಳಂತೆ. ಅಲ್ಲೂ ನೆಲ ಮುಟ್ಟಿ ನೋಡಿಯೇ ಕಾಲಿಡ್ತಿದಾಳಂತೆ.” ಡಬ್ಬಿಯನ್ನು ಕೆಳಗಿಟ್ಟರು. “ನಾಳೆ ಆ ಗುಂಡೀನ ಮುಚ್ಚಿಬಿಡ್ತೀನಿ ಅಂತ ಮ್ಯಾನೇಜರಿಗೆ ಹೇಳಿದೀನಿ. ಆದ್ರೆ ಅಲ್ಲಿ ಹೋಗಿ ನಿಂತ್ರೆ, ನಾನೇ ಬರೆದದ್ದನ್ನ ಅಳಿಸೋಕೆ ನಂಗೆ ಕೈ ಏಳಲ್ಲ ಕಣಮ್ಮ. ನೀನೊಂದು ಗಳಿಗೆ ಬಂದು, ನಟ್ಟನಡುವೆ ಮೊದಲ ಪಟ್ಟಿ ಬಳಿದುಬಿಡ್ತೀಯಾ? ಉಳಿದದ್ದು ನಾನು ಮುಗಿಸ್ತೀನಿ.”